ಒಲೆಯ ಹೊಗೆಯೂ ಉಸಿರಿನ ಲೆಕ್ಕವೂ

ನನ್ನ ಅಕ್ಕನಿಗೆ ಈಗ ಎಪ್ಪತ್ತಾರು ವರ್ಷ. ಹತ್ತು ಹನ್ನೆರಡು ವರ್ಷಗಳಿಂದ ಆಕೆಯನ್ನು ಕಾಡುತ್ತಿರುವ ಏದುಸಿರನ್ನು ನಾವೆಲ್ಲ ಉಬ್ಬಸವೆಂದೇ ಕರೆಯುತ್ತ ಬಂದೆವು. ಊರಿನ ಚಿಕಿತ್ಸಾಲಯವೊಂದರಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಬೀಡಿಗೀಡಿ ಸೇದುವ ಅಭ್ಯಾಸ ಇತ್ತೇನಮ್ಮ?" ಎಂಬುದು. ಅಕ್ಕ ನಕ್ಕುಬಿಟ್ಟಳು. ಇಲ್ಲವೆಂದ ಮೇಲೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಉಬ್ಬಸವೆಂದು ಚೀಟಿ ಬರೆದುಕೊಟ್ಟರು. ಎಷ್ಟು ವರ್ಷ ಎಂಥ ಒಲೆಯ ಮುಂದೆ ಕುಳಿತಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದು ಎಂಬುದು ಆಗ ನಮಗೂ ತಿಳಿದಿರಲಿಲ್ಲ.

ಕನ್ನಡದ ಮೇಷ್ಟರಾಗಿದ್ದ ನನಗೆ ಆಗ ನೆನಪಾದದ್ದು 'ದಮ್ಮು' ಎಂಬ ಪದ. ಪಾರಸಿಯಿಂದ ಬಂದ ಈ ಶಬ್ದಕ್ಕೆ ಉಸಿರು ಎಂಬುದು ಮೂಲಾರ್ಥ. ನಮ್ಮಲ್ಲಿ ಅದು ಕಸುವೂ ಆಯಿತು, ಉಬ್ಬಸದ ಬೇನೆಯೂ ಆಯಿತು, ಬೀಡಿಯ ಒಂದು ಎಳೆತವೂ ಆಯಿತು. ಬೇನೆಯನ್ನೂ ಬೀಡಿಯನ್ನೂ ಹೀಗೆ ಒಂದೇ ಗಂಟಿನಲ್ಲಿ ಕಟ್ಟಿದವರು ನಮ್ಮ ಜನ ಮಾತ್ರವಲ್ಲ; ವೈದ್ಯಶಾಸ್ತ್ರವೂ ಬಹುಕಾಲ ಅದನ್ನೇ ಮಾಡಿತು. ಆ ಗಂಟು ಹೇಗೆ ಸಡಿಲವಾಯಿತು ಎಂಬುದನ್ನು ಹೇಳುವುದು ನನ್ನ ಉದ್ದೇಶ.

ವೈದ್ಯರು ಸಿ.ಓ.ಪಿ.ಡಿ. ಎಂದು ಕರೆಯುವ ಈ ರೋಗವನ್ನು ಶ್ವಾಸಮಾರ್ಗದ ದೀರ್ಘಕಾಲದ ಅಡಚಣೆ ಎಂದು ಕನ್ನಡಿಸಬಹುದು. ನಮ್ಮ ಶ್ವಾಸನಾಳವು ತಲೆಕೆಳಗಾದ ಮರದಂತೆ ಕವಲೊಡೆಯುತ್ತ, ಎರಡು ಮಿಲಿಮೀಟರಿಗಿಂತ ಕಿರಿದಾದ ಎಳೆಗಳಾಗಿ, ಕೊನೆಗೆ ಗಾಳಿಯ ಪುಟ್ಟ ಚೀಲಗಳಲ್ಲಿ ಮುಗಿಯುತ್ತದೆ. ಹೊಗೆಯ ಬಾಧೆಗೆ ನಾಳಗಳ ಗೋಡೆ ಊದಿಕೊಳ್ಳುತ್ತದೆ, ಕಫ ಕಟ್ಟುತ್ತದೆ. ಚೀಲಗಳ ನಡುವಣ ತೆಳುಪೊರೆಗಳು ಹರಿದುಹೋಗುತ್ತವೆ. ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬಾರದು. ಅಸ್ತಮಾದಲ್ಲಿ ಮದ್ದು ಕೊಟ್ಟರೆ ನಾಳ ಬಹುಮಟ್ಟಿಗೆ ತೆರೆದುಕೊಳ್ಳುತ್ತದೆ. ಇಲ್ಲಿ ಪೂರ್ತಿಯಾಗಿ ತೆರೆಯುವುದಿಲ್ಲ. ಚೀಲಗಳು ಹರಿಯುವುದಕ್ಕೆ ಮೊದಲೇ ಅತಿ ಕಿರಿಯ ನಾಳಗಳು ಸಣ್ಣಗಾಗಿ ಅಳಿದುಹೋಗಿರುತ್ತವೆ ಎಂಬುದನ್ನು 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಮೆಟ್ಟಿಲು ಹತ್ತುವಾಗ ಮೊದಲ ಬಾರಿಗೆ ಏದುಸಿರು ಬಂದಿತೆಂದು ರೋಗಿ ಹೇಳುವ ಹೊತ್ತಿಗೆ ಒಳಗಿನ ಮರದ ಎಷ್ಟೋ ಕಡ್ಡಿಗಳು ಒಣಗಿ ಹೋಗಿರುತ್ತವೆ.

ಈ ರೋಗವನ್ನು ಗುರುತಿಸುವ ಉಪಕರಣ ಹೊಸದೇನಲ್ಲ. ಉಸಿರನ್ನು ಅಳೆಯುವ ಸ್ಪೈರೋಮೀಟರಿನ ವಿಷಯವಾಗಿ ಲಂಡನ್ನಿನ ಜಾನ್ ಹಚಿನ್ಸನ್ ಬರೆದದ್ದು 1846ರಲ್ಲಿ. ಎದೆತುಂಬ ಗಾಳಿ ಎಳೆದುಕೊಂಡು ಕೊಳವೆಯೊಳಗೆ ಒಂದೇ ಉಸಿರಿಗೆ ಊದಬೇಕು. ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿಗೆ ಹೊರಬಿದ್ದದ್ದು ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಿದ್ದು, ನಾಳ ತೆರೆಸುವ ಮದ್ದು ಕೊಟ್ಟ ಮೇಲೂ ಹಾಗೆಯೇ ಉಳಿದರೆ ಅಡಚಣೆ ಇದೆಯೆಂದು ಲೆಕ್ಕ. ಇಷ್ಟು ಸರಳವಾದ ಪರೀಕ್ಷೆ ನಮ್ಮ ಅಕ್ಕನಿಗೆ ಆದದ್ದು ಎಂಟು ವರ್ಷ ಔಷಧಿ ನುಂಗಿದ ಮೇಲೆ, ಬೇರೊಂದು ಊರಿನಲ್ಲಿ. "ಊದಿ ಅಮ್ಮ, ಇನ್ನೂ ಊದಿ, ಇನ್ನೂ" ಎಂದು ಅಲ್ಲಿನ ಹುಡುಗ ಹುರಿದುಂಬಿಸುತ್ತಿದ್ದರೆ ಈಕೆ ಕೊಳವೆ ಬಾಯಿಂದ ತೆಗೆದು, "ಹುಟ್ಟಿದಾರಭ್ಯ ಇದನ್ನೇ ತಾನೇನಪ್ಪ ಮಾಡಿದ್ದು!" ಎಂದಳು. ಊದುಗೊಳವೆಯನ್ನು ಕಂಡೇ ಇರದ ಆ ಹುಡುಗನಿಗೆ ಮಾತು ತಿಳಿಯಲಿಲ್ಲ.

ಧೂಮಪಾನದ ಅಪರಾಧ ಸಣ್ಣದೆಂದು ನಾನು ಹೇಳುತ್ತಿಲ್ಲ. ಫ್ಲೆಚರ್ ಮತ್ತು ಪೀಟೋ ಎಂಬ ಇಬ್ಬರು ವಿದ್ವಾಂಸರು ಲಂಡನ್ನಿನ ಕೆಲಸಗಾರರ ಉಸಿರನ್ನು ಎಂಟು ವರ್ಷಗಳ ಕಾಲ ಅಳೆದು 1977ರಲ್ಲಿ ಬರೆದ ಲೇಖನ ಈ ಶಾಸ್ತ್ರದ ಹೆದ್ದಾರಿಯೇ ಆಯಿತು. ಸಿಗರೇಟನ್ನು ಬಿಟ್ಟರೆ ಕಳೆದುಹೋದ ಉಸಿರು ಮರಳದು, ಆದರೆ ಮುಂದಿನ ಇಳಿತ ಸಹಜ ಗತಿಗೆ ಬರುತ್ತದೆ ಎಂಬ ಅವರ ಮಾತು ಇಂದಿಗೂ ಬೆಲೆಯುಳ್ಳದ್ದು. ಆದರೆ ಅವರು ಅಳೆದದ್ದು ಗಂಡಸರನ್ನು, ಅದೂ ಲಂಡನ್ನಿನವರನ್ನು. ಅದಕ್ಕಿಂತ ಬಹಳ ಮೊದಲೇ ದಿಲ್ಲಿಯಲ್ಲಿ ಡಾ. ಎಸ್. ಪದ್ಮಾವತಿಯವರು ಶ್ವಾಸಕೋಶದ ಬೇನೆಯಿಂದ ಹೃದಯದ ಬಲಭಾಗ ಸೋತ ರೋಗಿಗಳನ್ನು ಪರೀಕ್ಷಿಸಿ, 1959ರಿಂದ ಮೊದಲುಗೊಂಡು ಬರೆದ ಲೇಖನಗಳಲ್ಲಿ ಒಂದು ವಿಚಿತ್ರವನ್ನು ಗುರುತಿಸಿದ್ದರು: ತಂಬಾಕನ್ನು ಅಷ್ಟಾಗಿ ಮುಟ್ಟದ ಹೆಂಗಸರೂ ಗಂಡಸರಂತೆಯೇ ಈ ರೋಗಕ್ಕೆ ತುತ್ತಾಗುತ್ತಿದ್ದರು. ಅವರ ಸಂದೇಹ ಹೋದದ್ದು ಅಡಿಗೆಮನೆಯ ಹೊಗೆಯ ಕಡೆಗೆ. ಹೆದ್ದಾರಿಯಾದದ್ದು ಲಂಡನ್ನಿನ ಲೇಖನ, ದಿಲ್ಲಿಯದು ಕಾಲುದಾರಿಯಾಗಿ ಉಳಿಯಿತು. ಇದಕ್ಕೆ ಕಾರಣ ಕೇವಲ ಶಾಸ್ತ್ರೀಯವೆಂದು ನಂಬಲು ನನಗೆ ಕಷ್ಟವಾಗುತ್ತದೆ.

ಅರ್ಧ ಶತಮಾನದ ಮೇಲೆ, 2009ರಲ್ಲಿ, ಪುಣೆಯ ಸುಂದೀಪ್ ಸಾಲ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಈ ರೋಗಿಗಳಲ್ಲಿ ನೂರಕ್ಕೆ 25ರಿಂದ 45ರಷ್ಟು ಮಂದಿ ಎಂದೂ ಧೂಮಪಾನ ಮಾಡಿದವರಲ್ಲ ಎಂದು ತೋರಿಸಿದರು. ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿಯಿದ್ದ ರೋಗಿಗಳ ಸಂಖ್ಯೆ 2016ರಲ್ಲಿ 5.5 ಕೋಟಿಯಾಯಿತೆಂದು ಒಂದು ಅಂದಾಜು. ಈ ರೋಗದ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದೇ ಅಧ್ಯಯನ ಮನೆಯ ಒಳಗಿನ ಹಾಗೂ ಹೊರಗಿನ ವಾಯುಮಾಲಿನ್ಯಕ್ಕೂ, ಕಾಲುಭಾಗವನ್ನು ತಂಬಾಕಿಗೂ ಹಚ್ಚಿತು. ನಮ್ಮ ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ದುಡಿದ ಸಂಶೋಧಕರು ಒಂದು ಸುಲಭ ಗುಣಾಕಾರವನ್ನು ಬಳಸಿದ್ದಾರೆ: ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ. ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಕೆಮ್ಮು ಕಫಗಳ ಬೇನೆಯ ಅಪಾಯ ಹೆಚ್ಚು. ಅಕ್ಕ ಹನ್ನೆರಡನೆಯ ವಯಸ್ಸಿಗೆ ಊದುಗೊಳವೆ ಹಿಡಿದವಳು. ಮನೆಗೆ ಗ್ಯಾಸು ಬರುವಷ್ಟರಲ್ಲಿ ಐವತ್ತು ದಾಟಿತ್ತು. ದಿನಕ್ಕೆ ನಾಲ್ಕು ಗಂಟೆಯಂತೆ ನಲವತ್ತು ವರ್ಷ. ಲೆಕ್ಕ 160ಕ್ಕೆ ಬಂದು ನಿಂತಾಗ ನಾನು ಕಾಗದವನ್ನು ಮಡಿಸಿಟ್ಟೆ.

ಈಚಿನ ಸಂಶೋಧನೆಗಳಲ್ಲಿ ನನ್ನನ್ನು ಹೆಚ್ಚು ಕಲಕಿದ್ದು 2015ರ ಒಂದು ಲೇಖನ. ಅಮೆರಿಕ ಮತ್ತು ಡೆನ್ಮಾರ್ಕಿನ ಜನರನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದಾಗ, ರೋಗಿಗಳಾದವರಲ್ಲಿ ಸುಮಾರು ಅರ್ಧ ಜನರ ಉಸಿರು ವೇಗವಾಗಿ ಕುಸಿದಿರಲೇ ಇಲ್ಲ. ನಲವತ್ತರ ಒಳಗೇ ಅವರ ಬಂಡವಾಳ ಕಡಿಮೆಯಿತ್ತು. ಎಲ್ಲರಂತೆ ಖರ್ಚು ಮಾಡಿಯೂ ಅವರು ಬೇಗ ಬರಿಗೈಯಾದರು. ಅಂದರೆ ಈ ಮುಪ್ಪಿನ ರೋಗದ ಬೇರು ಎಷ್ಟೋ ಜನರಲ್ಲಿ ಬಾಲ್ಯದಲ್ಲಿ, ಪ್ರಾಯಶಃ ಗರ್ಭದಲ್ಲೇ ಇದೆ. ಇಲ್ಲಣ ಜೋತುಬಿದ್ದ ಆ ಅಡಿಗೆಮನೆಯಲ್ಲಿ, ಅಕ್ಕನ ತೊಡೆಯ ಮೇಲೆ, ಒಲೆಯ ಬಿಸಿಗೆ ಹಾಯಾಗಿ ನಿದ್ದೆ ಮಾಡಿದ ಕೂಸು ನಾನೇ.

ಹಾಗಾದರೆ ಒಲೆ ಬದಲಿಸಿದರೆ ಸಾಕೆ? ಚೀನದ ಯುನ್ನಾನ್ ಪ್ರಾಂತದ ಶುವಾನ್‌ವೇಯಲ್ಲಿ ಕಲ್ಲಿದ್ದಲ ಒಲೆಗೆ ಹೊಗೆಗೂಡು ಕಟ್ಟಿಸಿಕೊಂಡವರಲ್ಲಿ ಈ ರೋಗ ಕಡಿಮೆಯಾದುದನ್ನು 2005ರ ವರದಿಯೊಂದು ತೋರಿಸಿತು. ಹೊಗೆಗೂಡೆಂದಾಗ ನಮ್ಮವರಿಗೆ ಅಸ್ತ್ರ ಒಲೆ ನೆನಪಾಗಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ಸೌದೆ ಉಳಿಸಲೆಂದು ರೂಪಿಸಿದ ಆ ಒಲೆ ಹೊಗೆಯನ್ನೂ ಮನೆಯಿಂದಾಚೆ ಕಳಿಸುತ್ತಿತ್ತು. ಆದರೆ ತಮಿಳುನಾಡೂ ಸೇರಿ ನಾಲ್ಕು ದೇಶಗಳ 3,200 ಗರ್ಭಿಣಿಯರಲ್ಲಿ ಅರ್ಧ ಜನಕ್ಕೆ ಗ್ಯಾಸಿನ ಒಲೆ ಕೊಟ್ಟು ನಡೆಸಿದ ಪ್ರಯೋಗದಲ್ಲಿ, ಅವರು ಸೇವಿಸುವ ಹೊಗೆಕಣಗಳು ಬಹಳ ಇಳಿದರೂ ಹುಟ್ಟಿದ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದು 2022ರಲ್ಲಿ ಪ್ರಕಟವಾಯಿತು. ಒಲೆಯೊಂದನ್ನು ಬದಲಿಸಿದ ಮಾತ್ರಕ್ಕೆ ಬಡತನದ ಉಳಿದ ಹೊಗೆ ಆರುವುದಿಲ್ಲವಷ್ಟೆ.

ಮದ್ದಿನ ಮಾತು. ಒಂದು ಬಗೆಯ ಬಿಳಿಯ ರಕ್ತಕಣ ಹೆಚ್ಚಿರುವ ರೋಗಿಗಳಿಗೆ ಎರಡು ವಾರಕ್ಕೊಮ್ಮೆ ಕೊಡುವ ಡುಪಿಲುಮಾಬ್ ಎಂಬ ಚುಚ್ಚುಮದ್ದು, ರೋಗ ಉಲ್ಬಣಿಸುವ ಸರದಿಯನ್ನು ಸುಮಾರು ನೂರಕ್ಕೆ ಮೂವತ್ತರಷ್ಟು ತಗ್ಗಿಸಿತೆಂದು 2023ರಲ್ಲಿ ತಿಳಿದುಬಂದಿತು. ಮರುವರ್ಷ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ದೊಡ್ಡ ಸಾಧನೆಯೇ. ಆದರೆ ಆ ಪರೀಕ್ಷೆಗೆ ಸೇರಬೇಕಾದರೆ ದಿನಕ್ಕೊಂದು ಪ್ಯಾಕಿನ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ಸಮನಾದಷ್ಟಾದರೂ ಸಿಗರೇಟು ಸೇದಿರಬೇಕಿತ್ತು. ಊದುಗೊಳವೆಯ 160 ಅಲ್ಲಿ ಸಲ್ಲದ ನಾಣ್ಯ.

ಅಕ್ಕನಿಗೆ ಸದ್ಯ ದಕ್ಕಿರುವುದು ಹಳೆಯ ಉಪಾಯಗಳೇ: ಸರಿಯಾಗಿ ಎಳೆದುಕೊಳ್ಳಲು ಕಲಿಸಿಕೊಟ್ಟ ಇನ್‌ಹೇಲರ್, ವರ್ಷಕ್ಕೊಮ್ಮೆ ಶೀತಜ್ವರದ ಲಸಿಕೆ, ದಿನವೂ ಅಂಗಳದಲ್ಲಿ ಇಷ್ಟಿಷ್ಟೇ ಹೆಚ್ಚಿಸುವ ನಡಿಗೆ. ಇನ್‌ಹೇಲರಿಗೆ ಮೊದಮೊದಲು ಊದುತ್ತಿದ್ದಳು. ಎಳೆದುಕೊಳ್ಳಬೇಕೆಂದು ತಿಳಿಹೇಳಲು ಒಂದು ವಾರ ಹಿಡಿಯಿತು. ಈಗ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ತುಳಸಿಕಟ್ಟೆಗೆ ಎಂಟು ಸುತ್ತು ಬರುತ್ತಾಳೆ. ಅಡಿಗೆಗೆ ಗ್ಯಾಸು ಬಂದರೂ ಸ್ನಾನದ ಹಂಡೆಗೆ ಸೌದೆಯೇ ಆಗಬೇಕೆಂಬ ಹಟ ಮಾತ್ರ ಬಿಟ್ಟಿರಲಿಲ್ಲ. ಆ ಬಚ್ಚಲೊಲೆಗೆ ಹೊಗೆಗೂಡು ಹಾಕಿಸಿದ್ದು ಹೋದ ದೀಪಾವಳಿಗೆ.