ಸಾವಿನೆದುರಿನ ನಗೆ: ಕ್ರಿಸ್ಟಫರ್ ಫ್ರೈ

ಪದ್ಯನಾಟಕವೆಂದೊಡನೆ ನಮ್ಮ ಮನಸ್ಸು ದುರಂತದ ಕಡೆಗೆ ವಾಲುತ್ತದೆ. ಇಂಗ್ಲಿಷಿನ ಬ್ಲ್ಯಾಂಕ್ ವರ್ಸಿಗೆ ಸಂವಾದಿಯಾಗಿ ಕನ್ನಡದಲ್ಲಿ ಬೆಳೆದ ಸರಳ ರಗಳೆಯೂ ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ದುರಂತದ ದನಿಯನ್ನೇ ನುಡಿಯಿತು. ಆದರೆ ಪದ್ಯವನ್ನು ನಗೆನಾಟಕಕ್ಕೆ ಒಗ್ಗಿಸಿ, ಆ ನಗೆಯೊಳಗೇ ಸಾವಿನ ಪ್ರಶ್ನೆಯನ್ನೂ ಇರಿಸಿದ ಕವಿಯೊಬ್ಬ ಇಂಗ್ಲೆಂಡಿನಲ್ಲಿದ್ದ. ಆತನೇ ಕ್ರಿಸ್ಟಫರ್ ಫ್ರೈ.

ಫ್ರೈ ಹುಟ್ಟಿದ್ದು 1907ರಲ್ಲಿ, ಬ್ರಿಸ್ಟಲ್ ನಗರದಲ್ಲಿ. ಹುಟ್ಟುಹೆಸರು ಆರ್ಥರ್ ಹ್ಯಾಮಂಡ್ ಹ್ಯಾರಿಸ್; ‘ಫ್ರೈ’ ಎಂಬುದು ತಾಯಿಯ ಕಡೆಯಿಂದ ತೆಗೆದುಕೊಂಡ ಹೆಸರು. ಕೆಲಕಾಲ ಶಾಲಾ ಉಪಾಧ್ಯಾಯನಾಗಿದ್ದು, ಆಮೇಲೆ ರಂಗಭೂಮಿಗೆ ಬಂದ. ಕ್ವೇಕರ್ ಪಂಥದವನಾದ ಆತ ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪಲಿಲ್ಲ. ಸೈನ್ಯದ ನಿರಾಯುಧ ದಳದಲ್ಲಿ ದುಡಿದ. ಈ ಸಂಗತಿಯನ್ನು ಮರೆತರೆ ಆತನ ನಗೆ ಬರಿಯ ವಿನೋದವಾಗಿ ಕಂಡೀತು.

1948ರಲ್ಲಿ ರಂಗಕ್ಕೆ ಬಂದ ‘ದಿ ಲೇಡೀಸ್ ನಾಟ್ ಫಾರ್ ಬರ್ನಿಂಗ್’ ಆತನ ಅತ್ಯಂತ ಪ್ರಸಿದ್ಧ ಕೃತಿ. ಮರುವರ್ಷ ಜಾನ್ ಗೀಲ್ಗುಡ್ ಅದನ್ನು ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಆಡಿಸಿ, ತಾನೇ ನಾಯಕನಾಗಿ ನಟಿಸಿದ. ಕಾಲ ಸುಮಾರು 1400. ಸ್ಥಳ ಒಂದು ಸಣ್ಣ ಪೇಟೆ. ಯುದ್ಧದಿಂದ ಮರಳಿದ ಥಾಮಸ್ ಎಂಬ ಸೈನಿಕ ಬಾಳಿಗೆ ಬೇಸತ್ತು, ತಾನು ಕೊಲೆಗಾರ, ತನ್ನನ್ನು ಗಲ್ಲಿಗೇರಿಸಿ ಎಂದು ಊರಿನ ಮೇಯರನನ್ನು ಪೀಡಿಸುತ್ತಾನೆ. ಅದೇ ಹೊತ್ತಿಗೆ ಜೆನೆಟ್ ಎಂಬ ಹೆಣ್ಣು ಅಲ್ಲಿಗೆ ಓಡಿಬರುತ್ತಾಳೆ. ಚಿಂದಿ ವ್ಯಾಪಾರಿಯೊಬ್ಬನನ್ನು ನಾಯಿಯಾಗಿ ಮಾಡಿದ ಮಾಟಗಾತಿಯೆಂದು ಜನ ಅವಳನ್ನು ಸುಡಲು ನಿಂತಿದ್ದಾರೆ. ಸಾಯಬಯಸಿದವನಿಗೆ ಸಾವನ್ನು ಕೊಡಲೊಲ್ಲದ ಊರು, ಬದುಕಬಯಸಿದವಳಿಂದ ಬದುಕನ್ನು ಕಸಿಯಹೊರಟಿದೆ. ಕೊನೆಗೆ ಆ ವ್ಯಾಪಾರಿಯೇ ಕುಡಿದ ಮತ್ತಿನಲ್ಲಿ ಪ್ರತ್ಯಕ್ಷನಾಗುತ್ತಾನೆ. ಅವರಿಬ್ಬರೂ ಊರು ಬಿಟ್ಟು ಹೊರಡುತ್ತಾರೆ.

ಅದೇ ಕಾಲದಲ್ಲಿ ಎಲಿಯಟ್ ‘ದಿ ಕಾಕ್‌ಟೇಲ್ ಪಾರ್ಟಿ’ಯಲ್ಲಿ ಪದ್ಯವನ್ನು ಆಡುಮಾತಿನ ಸನಿಹಕ್ಕೆ ತಂದು, ಅದು ಪದ್ಯವೆಂಬುದೇ ಪ್ರೇಕ್ಷಕನಿಗೆ ಅರಿವಾಗದಂತೆ ಬಳಸಿದ. ಫ್ರೈ ಹಿಡಿದ ದಾರಿ ಬೇರೆ. ಆತನ ಪಾತ್ರಗಳು ರೂಪಕಗಳ ಮೇಲೆ ರೂಪಕಗಳನ್ನು ಪೇರಿಸಿ, ಮಾತಿನಲ್ಲಿಯೇ ಕುಣಿಯುತ್ತವೆ. 1951ರ ‘ಎ ಸ್ಲೀಪ್ ಆಫ್ ಪ್ರಿಸನರ್ಸ್’ ನಾಟಕದಲ್ಲಿ ಮಾತ್ರ ಈ ಕುಣಿತ ತಗ್ಗುತ್ತದೆ. ಅಲ್ಲಿ ಚರ್ಚೊಂದರಲ್ಲಿ ಸೆರೆಯಾದ ನಾಲ್ವರು ಸೈನಿಕರು ಕನಸಿನಲ್ಲಿ ಕೇನ್, ಏಬೆಲ್, ಅಬ್ರಹಾಂ ಮುಂತಾದ ಬೈಬಲ್ ಪಾತ್ರಗಳಾಗಿ, ಮನುಷ್ಯ ಮನುಷ್ಯನನ್ನು ಕೊಲ್ಲುವುದೇಕೆಂಬ ಪ್ರಶ್ನೆಯನ್ನು ಎದುರಿಸುತ್ತಾರೆ.

1956ರಲ್ಲಿ ಜಾನ್ ಆಸ್ಬೋರ್ನನ ‘ಲುಕ್ ಬ್ಯಾಕ್ ಇನ್ ಆಂಗರ್’ ಬಂದಿತು. ನಿತ್ಯಜೀವನದ ಒರಟು ಗದ್ಯ ರಂಗವನ್ನು ಆಕ್ರಮಿಸಿತು. ಫ್ರೈಯ ಕೀರ್ತಿ ಬಹುಬೇಗ ಮಸುಕಾಯಿತು. ಆತ ಚಲನಚಿತ್ರಗಳಿಗೂ ಬರೆದ. 1959ರ ‘ಬೆನ್‌ಹರ್’ ಚಿತ್ರಕ್ಕೆ ದುಡಿದರೂ ಲೇಖಕರ ಪಟ್ಟಿಯಲ್ಲಿ ಹೆಸರು ಕಾಣಲಿಲ್ಲ. 2005ರಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡ.

ಆತನದು ಮಾತಿನ ಆಡಂಬರವೆಂಬ ಆಕ್ಷೇಪ ಹಳೆಯದು. ಎಲ್ಲ ಪಾತ್ರಗಳೂ ಒಂದೇ ನಾಲಗೆಯಿಂದ ನುಡಿಯುವಂತೆ ತೋರುವ ಕಡೆಗಳಲ್ಲಿ ಅದು ನಿಜವೆಂದು ನಾನೂ ಒಪ್ಪುತ್ತೇನೆ. ಆದರೆ ಜೆನೆಟಳ ವಿಷಯದಲ್ಲಿ ಒಪ್ಪಲಾರೆ. ನಾಳೆಯ ಬೆಳಗನ್ನು ಕಾಣುವೆನೋ ಇಲ್ಲವೋ ಎಂದು ತಿಳಿಯದವಳಿಗೆ ಇಂದಿನ ಸಂಜೆ ಸಾಮಾನ್ಯ ಸಂಜೆಯಾಗಿ ಉಳಿಯುವುದಿಲ್ಲ. ಅವಳ ಮಾತು ಉಕ್ಕಲೇಬೇಕು. ಮಹಾಯುದ್ಧವನ್ನು ಆಗತಾನೇ ದಾಟಿಬಂದಿದ್ದ ಪ್ರೇಕ್ಷಕರಿಗೆ ಈ ಉಕ್ಕು ಅಲಂಕಾರವಾಗಿ ಅಲ್ಲ, ಜೀವವಾಗಿ ಕೇಳಿಸಿರಬೇಕೆಂದು ನನ್ನ ಎಣಿಕೆ.