ಮನಸ್ಸಿನಲ್ಲಿ ಚಿತ್ರ ಮೂಡದವರು

ಕಣ್ಣು ಮುಚ್ಚಿ ನಿಮ್ಮ ತಾಯಿಯ ಮುಖವನ್ನು ನೆನೆಯಿರಿ. ಹೆಚ್ಚಿನವರಿಗೆ ಮಸುಕಾಗಿಯಾದರೂ ಒಂದು ಚಿತ್ರ ಮೂಡುತ್ತದೆ. ಕೆಲವರಿಗೆ ಏನೂ ಕಾಣುವುದಿಲ್ಲ. ತಾಯಿ ಹೇಗಿದ್ದಾರೆಂದು ಅವರಿಗೆ ಗೊತ್ತು, ಬಾಯಲ್ಲಿ ವರ್ಣಿಸಲೂ ಬಲ್ಲರು. ಚಿತ್ರ ಮಾತ್ರ ಇಲ್ಲ. ಈ ಸ್ಥಿತಿಯ ಹೆಸರು ಅಫ್ಯಾಂಟೇಸಿಯ. ಅಳೆಯುವ ಮಾನದಂಡಕ್ಕೆ ತಕ್ಕಂತೆ, ನೂರರಲ್ಲಿ ಒಬ್ಬರಿಂದ ನಾಲ್ವರಲ್ಲಿ ಇದು ಇರಬಹುದೆಂಬುದು ಸಂಶೋಧಕರ ಅಂದಾಜು.

ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್ 1880ರಲ್ಲೇ ಇದನ್ನು ಗಮನಿಸಿದ್ದ. ಬೆಳಗಿನ ತಿಂಡಿಯ ಮೇಜು ಮನಸ್ಸಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ಕೇಳಿದಾಗ, ಏನೂ ಕಾಣದು ಎಂದವರೂ ಇದ್ದರು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಈ ವಿಷಯ ಮೂಲೆಗೆ ಬಿದ್ದಿತ್ತು. ಹೃದಯದ ಚಿಕಿತ್ಸೆಯ ಬಳಿಕ ಮನಸ್ಸಿನ ಚಿತ್ರಗಳನ್ನೆಲ್ಲ ಕಳೆದುಕೊಂಡ ಒಬ್ಬರ ಬಗ್ಗೆ ನರವಿಜ್ಞಾನಿ ಆಡಂ ಝೆಮನ್ ತಂಡ 2010ರಲ್ಲಿ ಬರೆಯಿತು. ಆ ಸುದ್ದಿ ಓದಿದ ಕೆಲವರು, ‘ನಾವು ಹುಟ್ಟಿನಿಂದಲೇ ಹೀಗೆ’ ಎಂದು ಝೆಮನ್ ಅವರನ್ನು ಸಂಪರ್ಕಿಸಿದರು. ಅಂಥ 21 ಮಂದಿಯ ವಿವರ 2015ರಲ್ಲಿ ಪ್ರಕಟವಾಯಿತು. ಅಫ್ಯಾಂಟೇಸಿಯ ಎಂಬ ಹೆಸರು ಬಂದದ್ದೂ ಆಗಲೇ.

ಇದು ಬರೀ ಮಾತಿನ ವ್ಯತ್ಯಾಸವಲ್ಲವೇ ಎಂಬ ಅನುಮಾನ ಸಹಜ. ಅದಕ್ಕೆ ದೇಹವೇ ಉತ್ತರ ಕೊಟ್ಟಿದೆ. ಪ್ರಖರವಾದ ಆಕೃತಿಯೊಂದನ್ನು ಕಲ್ಪಿಸಿಕೊಂಡರೆ ಸಾಮಾನ್ಯವಾಗಿ ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಸ್ಟ್ರೇಲಿಯಾದ ಜೋಯೆಲ್ ಪಿಯರ್ಸನ್ ತಂಡ 2022ರಲ್ಲಿ ವರದಿ ಮಾಡಿದಂತೆ, ಅಫ್ಯಾಂಟೇಸಿಯ ಇರುವವರಲ್ಲಿ ಹಾಗಾಗಲಿಲ್ಲ. ನಿಜವಾದ ಬೆಳಕಿಗೆ ಮಾತ್ರ ಅವರ ಪಾಪೆಯೂ ಕಿರಿದಾಯಿತು. ಇನ್ನೊಂದು ಪ್ರಯೋಗದಲ್ಲಿ, ಭಯಾನಕ ಕಥೆ ಓದುವಾಗ ಇತರರ ಚರ್ಮ ಬೆವರಿನ ಸುಳಿವು ಕೊಟ್ಟರೆ, ಇವರದು ಹೆಚ್ಚು ಬದಲಾಗಲಿಲ್ಲ. ಭಯಾನಕ ಚಿತ್ರಗಳನ್ನೇ ತೋರಿಸಿದಾಗ ಎರಡೂ ಗುಂಪಿನವರು ಒಂದೇ ರೀತಿ ಪ್ರತಿಕ್ರಿಯಿಸಿದರು.

ನೆನಪಿನ ಪರೀಕ್ಷೆಯಂತೂ ಇನ್ನೂ ಕುತೂಹಲಕರ. ಕೋಣೆಯ ಫೋಟೊ ನೋಡಿ, ನೆನಪಿನಿಂದ ಅದರ ಚಿತ್ರ ಬಿಡಿಸಲು ಹೇಳಿದಾಗ ಇವರು ಕಡಿಮೆ ವಸ್ತುಗಳನ್ನು, ಕಡಿಮೆ ಬಣ್ಣಗಳನ್ನು ಬಳಸಿದರು. ಆದರೆ ಯಾವುದು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂಬುದರಲ್ಲಿ ಹಿಂದೆ ಬೀಳಲಿಲ್ಲ. ಇಲ್ಲದ್ದನ್ನು ಸೇರಿಸಿದ್ದೂ ಕಡಿಮೆ. ವಸ್ತುವಿನ ರೂಪವನ್ನೂ ಅದರ ಜಾಗವನ್ನೂ ಮಿದುಳು ಬೇರೆ ಬೇರೆಯಾಗಿ ನಿಭಾಯಿಸುತ್ತದೆ ಎಂಬುದಕ್ಕೆ ಇದು ಪುಷ್ಟಿ ಕೊಡುತ್ತದೆ. ಎಚ್ಚರದಲ್ಲಿ ಚಿತ್ರ ಕಾಣದ ಹಲವರಿಗೆ ಕನಸಿನಲ್ಲಿ ಚಿತ್ರಗಳು ಬರುವುದೂ ಉಂಟು.

ಅನಿಮೇಷನ್ ಚಿತ್ರಗಳಿಗೆ ಹೆಸರಾದ ಪಿಕ್ಸಾರ್ ಸಂಸ್ಥೆಯ ಸಹಸ್ಥಾಪಕ ಎಡ್ ಕ್ಯಾಟ್‌ಮುಲ್ ತಮಗೆ ಅಫ್ಯಾಂಟೇಸಿಯ ಇದೆಯೆಂದು ಹೇಳಿಕೊಂಡಿದ್ದಾರೆ. ಕಲ್ಪನಾಶಕ್ತಿಗೆ ಮನಸ್ಸಿನ ಚಿತ್ರವೇ ಬೇಕೆಂದಿಲ್ಲ ಎನ್ನಲು ಇಷ್ಟು ಸಾಕು. ಇದು ಕಾಯಿಲೆಯಲ್ಲ, ಬುದ್ಧಿಯ ಕೊರತೆಯೂ ಅಲ್ಲ. ‘ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ’ ಎಂದು ಪಾಠ ಹೇಳುವ ಶಿಕ್ಷಕರು, ಏನೂ ಕಾಣದ ಮಗುವೂ ತರಗತಿಯಲ್ಲಿ ಇರಬಹುದೆಂದು ತಿಳಿದು, ಜೊತೆಗೊಂದು ಚಿತ್ರವನ್ನೋ ಮಾದರಿಯನ್ನೋ ತೋರಿಸಲಿ.