ಠಾಣೆಯಲ್ಲಿ ಒಪ್ಪಿಕೊಂಡರೆ ಕೇಸು ಮುಗೀತಾ?

ನರೋಣಾ ಠಾಣೆಯಲ್ಲಿ ಒಬ್ಬ ಆರೋಪಿ, ‘ನಾನೇ ಹೊಡದೀನ್ರಿ, ಕೊಡಲಿ ತೊಗರಿ ಹೊಲದಾಗ ಹೂತಿಟ್ಟೀನಿ’ ಅಂದ ಅಂತಿಟ್ಟುಕೊಳ್ಳಿ. ಕೇಸು ಮುಗೀತಾ? ಇಲ್ಲ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲದು. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಏಟಿಗೆ ಹೆದರಿ ನಿರಪರಾಧಿಯೂ ‘ಹೌದು’ ಅಂದುಬಿಡಬಹುದಲ್ಲ! ವಕೀಲರನ್ನು ಇಟ್ಟುಕೊಳ್ಳಲಾಗದ ಬಡವನಿಗೆ ಇದಕ್ಕಿಂತ ದೊಡ್ಡ ಆಸರೆ ನನಗೆ ಕಾಣದು. ಮ್ಯಾಜಿಸ್ಟ್ರೇಟರ ಮುಂದೆ ಸ್ವಇಚ್ಛೆಯಿಂದ ಹೇಳಿದರೆ ಮಾತು ಬೇರೆ.

ಆದರೆ ಅವನು ಹೇಳಿದ ಜಾಗದಲ್ಲೇ ಕೊಡಲಿ ಸಿಕ್ಕರೆ? ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಷ್ಟೇ ಸಾಕ್ಷ್ಯ. ‘ಹೂತಿಟ್ಟೀನಿ’ ಉಳಿಯುತ್ತದೆ, ‘ನಾನೇ ಹೊಡದೀನಿ’ ಬಿದ್ದುಹೋಗುತ್ತದೆ.

ಮಂಪರು ಮದ್ದು ಚುಚ್ಚಿ ಬಾಯಿ ಬಿಡಿಸಿದರೆ? ಉತ್ತರ ಬಂದದ್ದು ನಮ್ಮ ರಾಜ್ಯದ ಪ್ರಕರಣದಲ್ಲೇ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಬಲವಂತವಾಗಿ ಮಾಡುವಂತಿಲ್ಲ ಎಂದು 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸಂವಿಧಾನದ 20(3)ನೇ ವಿಧಿಯ ಪ್ರಕಾರ, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಒತ್ತಾಯಿಸುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ಅದರ ಜಾಡಿನಲ್ಲಿ ಸಿಕ್ಕ ವಸ್ತುವನ್ನು ಕೋರ್ಟ್ ಪರಿಗಣಿಸಬಹುದು.

ತಪ್ಪೊಪ್ಪಿಗೆಯಲ್ಲ, ಸಾಕ್ಷ್ಯವಾಗಿ ಮೊಬೈಲ್ ವಿಡಿಯೊದ ಪ್ರತಿ ಇದ್ದರೆ? ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವನ್ನೂ ಜೊತೆಗೇ ಕೊಡಬೇಕು.